ಮುಳ್ಳು ಹೇಳಿದ ಸುಳ್ಳು

‘ಸಾರ್ ಇಲ್ವಾ ಮೇಡಂ?’

ಕುದೂರಿನ ಕಡೆಗೆ ಹೊರಟಿದ್ದ ಬಸ್ಸಿನ ಕಂಡಕ್ಟರ್ ಬಾಗಿಲಿನಿಂದ ಕತ್ತು ಹೊರಗೆ ಹಾಕಿ ನನ್ನನ್ನು ಕೇಳಿದ ಪ್ರಶ್ನೆ ಇದು. ನಾನು ರಾಮನಗರದಿಂದ ಮಾಗಡಿಗೆ ಹೋಗುವ ರಸ್ತೆಯ ಏರಿನಲ್ಲಿ, ಒಂದು ಹೊಂಗೆ ಮರದ ಕೆಳಗೆ, ಕಾರಿನ ಬಾನೆಟ್ ಎತ್ತಿ ನಿಂತಿದ್ದೆ. ಬಿಸಿಲು ನೆತ್ತಿಗೆ ಬಂದಿತ್ತು. ನನ್ನ ಸಿಟ್ಟು ಅದಕ್ಕೂ ಮೇಲೆ ಹೋಗಿತ್ತು.

‘ಯಾವ ಸಾರ್?’ ಎಂದೆ.

‘ಕಾರ್ ಓಡುಸ್ತಿದ್ದೋರು. ನೀರ್ ತರಕ್ಕೋದ್ರಾ?’

‘ಓಡಿಸ್ತಿದ್ದವಳು ನಾನೇ.’

ಕಂಡಕ್ಟರ್ ನನ್ನ ನರೆಗೂದಲನ್ನು ನೋಡಿದ. ಕಾರನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. ಅಷ್ಟರಲ್ಲಿ ಬಸ್ಸಿನ ಆ ಬದಿಯವರೆಲ್ಲ ಈ ಬದಿಯ ಕಿಟಕಿಗೆ ಬಂದಿದ್ದರು. ‘ಹಂಗಾರೆ ಸಾರ್‌ಗೆ ಒಂದು ಫೋನ್ ಮಾಡಿ’ ಎಂದು ಸಲಹೆ ಕೊಟ್ಟು ಅವನು ಸೀಟಿ ಊದಿದ. ಬಸ್ಸು ಹೋಯಿತು. ನಾನೂ ಮೀಟರಿನ ಮುಳ್ಳೂ ಉಳಿದೆವು.

ಈ ಅಂಕಣವನ್ನು ತಪ್ಪದೆ ಓದುವವರಿಗೆ ನನ್ನ ಕಾರಿನ ಪುರಾಣ ಗೊತ್ತು. ಹೊಸಬರಿಗೆ ಎರಡು ಮಾತು. ನಾನು ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟವಳು. ನಿವೃತ್ತಿಯಾದ ಹೆಂಗಸರು ಏನು ಮಾಡಬೇಕು ಎಂಬುದಕ್ಕೆ ನಮ್ಮಲ್ಲಿ ಒಂದು ಪಟ್ಟಿ ಇದೆ. ಭಜನಾ ಮಂಡಳಿ, ಹಪ್ಪಳ, ಯಾತ್ರೆ. ಆ ಪಟ್ಟಿಯಲ್ಲಿ ಸ್ಪೋರ್ಟ್ಸ್ ಕಾರು ಇಲ್ಲ. ನಾನು ಅದನ್ನೇ ತಂದೆ. ಕನಕಪುರದಲ್ಲಿ ಪರಿಚಯದವರೊಬ್ಬರ ಶೆಡ್ಡಿನಲ್ಲಿ, ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಹಿಂದೆ, ಇಪ್ಪತ್ತು ವರ್ಷದಿಂದ ನಿಂತಿತ್ತು. ಎರಡೇ ಸೀಟು. ತಲೆಯ ಮೇಲೆ ತಗಡಿಲ್ಲ. ನೆಲದಿಂದ ಒಂದು ಗೇಣು ಎತ್ತರ. ಅದರೊಳಗೆ ಕೂರುವುದಲ್ಲ, ಇಳಿಯುವುದು. (ಹೊರಗೆ ಬರುವಾಗ ನನ್ನ ಮೊಣಕಾಲು ಮಾಡುವ ಸದ್ದು ಎಂಜಿನ್ನಿನ ಸದ್ದಿಗಿಂತ ಜೋರು.)

ಸತ್ತಿದ್ದ ಆ ಎಂಜಿನ್ನಿಗೆ ಜೀವ ಕೊಟ್ಟವರು ಮಾದಣ್ಣ. ಅಕ್ಕೂರಿನವರು. ರಾಮನಗರದಲ್ಲಿ, ಮಳೆ ಬಂದರೆ ಆಟೋದವರೂ ಬರಲು ಒಪ್ಪದ ಒಂದು ಗಲ್ಲಿಯಲ್ಲಿ ಅವರ ಗ್ಯಾರೇಜು. ಎಂಟು ತಿಂಗಳು ಬಿಚ್ಚಿದರು, ಉಜ್ಜಿದರು, ಜೋಡಿಸಿದರು. ಸಿಗದ ಭಾಗಗಳನ್ನು ಲೇತಿನಲ್ಲಿ ಮಾಡಿಸಿದರು. ಅವರ ಇನ್ನೊಂದು ದೊಡ್ಡ ಗುಣವನ್ನು ಇಲ್ಲಿ ದಾಖಲಿಸಬೇಕು. ಈ ಜಿಲ್ಲೆಯಲ್ಲಿ ‘ಸಾರ್ ಇಲ್ವಾ?’ ಎಂದು ನನ್ನನ್ನು ಕೇಳದ ಏಕೈಕ ಮೆಕ್ಯಾನಿಕ್ ಅವರು. ಮೊದಲ ದಿನ ಅವರು ಕೇಳಿದ್ದು ಬೇರೆಯೇ ಪ್ರಶ್ನೆ: ‘ಹಳೇ ಗೇರ್‌ಬಾಕ್ಸು ಮೇಡಮ್ಮೋರೆ. ನಿಮ್ಗೆ ಡಬಲ್ ಕ್ಲಚ್ ಹೊಡಿಯಕ್ ಬತ್ತದಾ?’

ಬರುತ್ತದೆ ಎಂದೆ. ಹೊಡೆದು ತೋರಿಸಿದೆ. ಅಲ್ಲಿಂದ ನಾವು ಸಮಾನರು.

ಕೆಲಸ ಹಿಡಿಯುವಾಗ ಮಾದಣ್ಣ ಒಂದೇ ಒಂದು ಮಾತು ತೆಗೆದುಕೊಂಡಿದ್ದರು. ‘ಗಾಡಿ ರೆಡಿ ಆದ್ಮೇಲೆ ಒಂದ್ಸಲ ನಮ್ಮಕ್ಕನ್ನ ಇದ್ರಲ್ಲಿ ಕೂರಿಸ್ಕೊಂಡು ಉಯ್ಯಂಬಳ್ಳೀಲಿ ಒಂದು ರೌಂಡ್ ಹೊಡೀಬೇಕು. ಅಷ್ಟೇಯ.’ ಅಕ್ಕ ಎಂದರೆ ಸಣ್ಣಮ್ಮ. ತಾಯಿಯಿಲ್ಲದ ತಮ್ಮನನ್ನು ಸಾಕುವುದಕ್ಕೆ ರಾಮನಗರದ ಫಿಲೇಚರುಗಳಲ್ಲಿ ವರ್ಷಗಟ್ಟಲೆ ಕುದಿಯುವ ನೀರಿನ ಮುಂದೆ ಕೂತು ಗೂಡಿನಿಂದ ನೂಲು ತೆಗೆದವರು. ಈಗ ಗಂಡನ ಊರಾದ ಉಯ್ಯಂಬಳ್ಳಿಯಲ್ಲಿ ಸ್ವಂತ ಹಿಪ್ಪುನೇರಳೆ ತೋಟ ಮಾಡಿಕೊಂಡು ಗಟ್ಟಿಯಾಗಿದ್ದಾರೆ. ಕಾರು ಬರುವ ಭಾನುವಾರವೂ ಗೊತ್ತಾಗಿತ್ತು. ಅಕ್ಕ ಊರಿಗೆಲ್ಲ ಹೇಳಿಕೊಂಡಾಗಿತ್ತು.

ಅಷ್ಟರಲ್ಲಿ ಮುಳ್ಳು ಎದ್ದಿತು.

ಗಡಿಯಾರದ್ದೂ ಮುಳ್ಳು, ತಕ್ಕಡಿಯದೂ ಮುಳ್ಳು, ಮೀಟರಿನದೂ ಮುಳ್ಳು. ಚುಚ್ಚುವ ಗುಣ ನೋಡಿಯೇ ನಮ್ಮ ಹಿರಿಯರು ಹೆಸರಿಟ್ಟಿರಬೇಕು. ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಐದು ದುಂಡು ಮೀಟರುಗಳಿವೆ. ಅದರಲ್ಲೊಂದು ಎಂಜಿನ್ ಆಯಿಲ್ ಎಷ್ಟು ಕಾದಿದೆ ಎಂದು ತೋರಿಸುತ್ತದೆ. ನೂರು ಡಿಗ್ರಿಯ ಆಸುಪಾಸು ಇದ್ದರೆ ಕ್ಷೇಮ. ನೂರ ಹತ್ತು ನಡೆಯುತ್ತದೆ. ನೂರ ಮೂವತ್ತು ಎಂದರೆ ಆಯಿಲ್ ನೀರಿನಂತೆ ತೆಳ್ಳಗಾಗಿ, ಲೋಹಕ್ಕೆ ಲೋಹ ಉಜ್ಜಿ, ಎಂಟು ತಿಂಗಳ ಕೆಲಸ ಎಂಟು ನಿಮಿಷದಲ್ಲಿ ಹೊಗೆಯಾಗುತ್ತದೆ. ಮಾಗಡಿ ರಸ್ತೆಯ ಏರಿನಲ್ಲಿ ನನ್ನ ಮುಳ್ಳು ನೂರ ಇಪ್ಪತ್ತೈದನ್ನು ದಾಟಿ ಕೆಂಪು ಗೆರೆಯನ್ನು ಮುಟ್ಟಿ ನಿಂತಿತ್ತು.

ಚೆಂದದ ಕೆಂಪು ಗೆರೆ. ಮೀಟರುಗಳ ಮುಖದ ಬಣ್ಣ ಎದ್ದುಹೋಗಿತ್ತೆಂದು ಚನ್ನಪಟ್ಟಣದಲ್ಲಿ ಬೊಂಬೆಗಳಿಗೆ ಕಣ್ಣು ಬರೆಯುವ ನಿಂಗಾಚಾರ್ರಿಂದ ಹೊಸದಾಗಿ ಬರೆಸಿದ್ದೆ. ಅದೂ ಕನ್ನಡ ಅಂಕಿಗಳಲ್ಲಿ. ೫೦, ೭೦, ೯೦ ಎಂದು ಮುತ್ತು ಪೋಣಿಸಿದ ಹಾಗೆ. ನವೆಂಬರಿನಲ್ಲಿ ಇದೇ ಅಂಕಣದಲ್ಲಿ ಆ ಬಗ್ಗೆ ಜಂಬ ಕೊಚ್ಚಿಕೊಂಡಿದ್ದೂ ಉಂಟು. ನಿಮ್ಮಲ್ಲಿ ಹಲವರು ಫೋನ್ ಮಾಡಿ ಅಭಿನಂದಿಸಿದಿರಿ. ಆ ಅಭಿನಂದನೆಗಳನ್ನು ದಯವಿಟ್ಟು ಈ ಬರಹದ ಕೊನೆಯಲ್ಲಿ ವಾಪಸು ಪಡೆಯಿರಿ.

ಕಾರಿಗೆ ಕಾಯಿಲೆ ಬಂದರೆ ಊರವರೆಲ್ಲ ವೈದ್ಯರಾಗುತ್ತಾರೆ. ಮಾಗಡಿ ರಸ್ತೆಯ ಆ ದಿನಕ್ಕೂ ಮೊದಲು, ಮುಳ್ಳು ಏರತೊಡಗಿದಾಗಲೇ, ವಾಟ್ಸಾಪಿನ ಹಳೇ ಕಾರುಗಳ ಗುಂಪಿನಲ್ಲಿ ನನ್ನ ಪ್ರಶ್ನೆ ಬಿದ್ದದ್ದೇ ತಡ, ಅರ್ಧ ಗಂಟೆಯಲ್ಲಿ ನಲವತ್ತು ಉತ್ತರ. ಆಯಿಲ್ ಜಾಸ್ತಿಯಾಗಿದೆ. ಆಯಿಲ್ ಕಮ್ಮಿಯಾಗಿದೆ. ಆಯಿಲ್ ಗಟ್ಟಿ. ಆಯಿಲ್ ತೆಳು. ಒಬ್ಬರಂತೂ ‘ಗ್ರಹಚಾರ’ ಎಂದು ಒಂದೇ ಪದ ಬರೆದಿದ್ದರು. ನಾನು ಒಂದೊಂದಾಗಿ ಎಲ್ಲ ಮಾಡಿದೆ. ಅಳತೆ ನೋಡಿದೆ, ಸರಿಯಿತ್ತು. ಆಯಿಲ್ ಬದಲಾಯಿಸಿದೆ, ಮುಳ್ಳು ಬದಲಾಗಲಿಲ್ಲ. ಆಯಿಲನ್ನು ತಣಿಸುವ ಕೂಲರಿನ ಸಂದುಗಳಲ್ಲಿದ್ದ ಧೂಳನ್ನು ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿ ತೊಳೆದೆ. ಎಂಜಿನ್ನಿನೊಳಗಿಂದ ಮೀಟರಿಗೆ ಸುದ್ದಿ ಮುಟ್ಟಿಸುವ ಸೆನ್ಸರ್ ಹೊಸದು ಹಾಕಿದೆ. ವೈರನ್ನೂ ಹೊಸದು ಎಳೆದೆ. ತಣ್ಣಗಿರುವಾಗ ಎಲ್ಲ ಸರಿ. ಒಂದಿಷ್ಟು ಬೆಚ್ಚಗಾದರೂ ಸರಿ. ಏರು ಬಂತೋ, ಮುಳ್ಳು ಕೆಂಪಿನ ಕಡೆಗೆ.

ಪಕ್ಕದ ಮನೆಯ ಗೌರಮ್ಮನವರು ಕಾಂಪೌಂಡಿನ ಮೇಲಿಂದ ನೋಡುತ್ತಿದ್ದವರು ಕನಿಕರದಿಂದ ಹೇಳಿದರು: ‘ಹೀಟ್ ಆಗಿದ್ರೆ ಒಸಿ ಹರಳೆಣ್ಣೆ ಹುಯ್ಯಿ. ತಂಪು.’

ನಗಬೇಡಿ. ನಲವತ್ತು ವಾಟ್ಸಾಪ್ ಉತ್ತರಗಳಿಗಿಂತ ಇದರಲ್ಲಿ ಹೆಚ್ಚು ಪ್ರೀತಿಯಿತ್ತು.

ಇಷ್ಟೆಲ್ಲ ಮಾಡಿದ ಮೇಲೂ ಅವತ್ತು ಹೊಂಗೆ ಮರದ ಕೆಳಗೆ ಮುಕ್ಕಾಲು ಗಂಟೆ ಕಾದು, ಮಾಗಡಿಯ ಆಸೆ ಬಿಟ್ಟು, ನಾನು ಕಾರು ತಿರುಗಿಸಿ ಸೀದಾ ಮಾದಣ್ಣನವರ ಗ್ಯಾರೇಜಿಗೆ ನುಗ್ಗಿಸಿದೆ. ಮುಳ್ಳು ಮತ್ತೆ ನೂರ ಇಪ್ಪತ್ತೈದರಲ್ಲಿತ್ತು. ಅಲ್ಲಿ ತಮ್ಮ ತಮ್ಮ ಗಾಡಿಗೆ ಕಾಯುತ್ತ ಐದಾರು ಜನ ಬೆಂಚಿನ ಮೇಲೆ ಕೂತಿದ್ದರು. ಎಂಜಿನ್ ನಿಲ್ಲಿಸಬೇಡಿ ಎಂದು ಕೈಸನ್ನೆ ಮಾಡಿ ಮಾದಣ್ಣ ಗೋಣಿಚೀಲ ಹಾಸಿ ಕಾರಿನ ಕೆಳಗೆ ತೂರಿದರು. ಚೊಂಬಿನಲ್ಲಿ ಬೆರಳು ಅದ್ದಿ, ಆಯಿಲ್ ತುಂಬಿರುವ ತಳದ ಪಾತ್ರೆಗೆ ನೀರು ಚಿಮುಕಿಸಿ ಕಿವಿಗೊಟ್ಟರು. ಮತ್ತೊಮ್ಮೆ ಚಿಮುಕಿಸಿದರು. ಹೊರಗೆ ಬಂದು, ಅಳತೆ ಕಡ್ಡಿ ಎಳೆದು, ಆಯಿಲನ್ನು ಮೂಸಿ ನೋಡಿದರು.

‘ಅಷ್ಟೊಂದು ಕಾದಿಲ್ಲ ಮೇಡಮ್ಮೋರೆ. ನೂರಾ ಹತ್ತು ಇರ್ಬೋದು. ನೀರು ಬಿದ್ದಾಗ ಬರೋ ಸದ್ದೇ ಬ್ಯಾರೆ. ಮುಳ್ಳು ಸುಳ್ ಹೇಳ್ತಾ ಐತೆ.’

‘ಸೆನ್ಸರ್ ಹೊಸದು, ವೈರ್ ಹೊಸದು. ಸುಳ್ಳು ಹೇಳೋಕೆ ಕಾರಣ ಏನು?’

‘ಕಾರಣ ಗೊತ್ತಿಲ್ಲ. ಸುಳ್ಳು ಅನ್ನೋದು ಗೊತ್ತು.’

ಮೂವತ್ತು ವರ್ಷ ಫಿಸಿಕ್ಸ್ ಹೇಳಿದವಳಿಗೆ ಇಂಥ ಉತ್ತರ ಕೊಡಬಾರದು. ಪರೀಕ್ಷೆಯಲ್ಲಿ ಹೀಗೆ ಬರೆದವರಿಗೆಲ್ಲ ನಾನು ಸೊನ್ನೆ ಸುತ್ತಿದ್ದೇನೆ. ಮೇಲಾಗಿ ನಾನು ಬೆವೆತಿದ್ದೆ, ಹಸಿದಿದ್ದೆ, ಒಂದು ಬಸ್ಸಿನಷ್ಟು ಜನರ ಮುಂದೆ ಪ್ರದರ್ಶನವಾಗಿ ಬಂದಿದ್ದೆ. ಬಾಯಿಗೆ ಬಂದದ್ದು ಬಂದೇ ಬಿಟ್ಟಿತು.

‘ಮಾದಣ್ಣ, ನೀರು ಚಿಮುಕಿಸಿ ನೋಡೋಕೆ ಇದೇನು ದೋಸೆ ಹೆಂಚಲ್ಲ. ನಿಮ್ಮ ಕೆಲಸ ಎಲ್ಲೋ ಕೆಟ್ಟಿದೆ, ಒಪ್ಕೊಳ್ಳಿ. ನಿಮ್ಮ ಕೈಗಿಂತ ನನಗೆ ಮೀಟರ್ ಮೇಲೆ ನಂಬಿಕೆ.’

ಬೆಂಚಿನ ಮೇಲಿದ್ದವರು ನಕ್ಕರು. ದೋಸೆ ಹೆಂಚಿನ ಮಾತಿಗೆ ನಕ್ಕದ್ದು. ತರಗತಿಯಲ್ಲಿ ನಾನು ಯಾರನ್ನೋ ಎಬ್ಬಿಸಿ ನಿಲ್ಲಿಸಿ ಹೀಗೇ ಒಂದು ಮಾತು ಒಗೆದಾಗ ಉಳಿದ ಮಕ್ಕಳು ನಗುತ್ತಿದ್ದ ನಗು ಅದು. ನಿಂತವನ ಮುಖ ಹೇಗಾಗುತ್ತಿತ್ತೆಂದು ಆಗೆಲ್ಲ ನಾನು ಸರಿಯಾಗಿ ನೋಡಿರಲಿಲ್ಲ. ಈ ಸಲ ನೋಡಿದೆ.

ಮಾದಣ್ಣ ಹಳೇ ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಬೆರಳು ಬೆರಳನ್ನೂ ಒರೆಸಿಕೊಂಡರು.

‘ನಂಬಿಕೆ ಇಲ್ದಿದ್ದ ಕಡೆ ನಾನು ಸ್ಪ್ಯಾನರ್ ಮುಟ್ಟಾಕಿಲ್ಲ ಮೇಡಮ್ಮೋರೆ. ಬ್ಯಾರೆ ಕಡೆ ತೋರ್ಸಿ. ಭಾನುವಾರ ಬರಾಕಿಲ್ಲ ಅಂತ ಅಕ್ಕಂಗೆ ಹೇಳ್ಬುಡ್ತೀನಿ.’

ಅಷ್ಟೇ. ದನಿ ಏರಲಿಲ್ಲ. ಅವರು ಏರಿಸಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು.

ಮರುದಿನ ಹೈವೇ ಪಕ್ಕದ ಒಂದು ದೊಡ್ಡ ವರ್ಕ್‌ಶಾಪಿಗೆ ಹೋದೆ. ಗಾಜಿನ ಬಾಗಿಲು, ಎಸಿ, ಕಾಫಿ ಮಿಷಿನ್. ಕಾಫಿ ಸಿಗುತ್ತದೆಂದು ನಮ್ಮ ಮನೆಯವರೂ ಬಂದರು. ಇವರ ಬಗ್ಗೆ ಹೇಳಲೇಬೇಕು. ಒಳ್ಳೆಯ ಮನುಷ್ಯ. ಸರ್ವೆ ಇಲಾಖೆಯಲ್ಲಿದ್ದು ಊರಿನ ಜಮೀನೆಲ್ಲ ಅಳೆದಿದ್ದಾರೆ. ಕಾರಿನ ವಿಷಯದಲ್ಲಿ ಅವರಿಗೆ ಗೊತ್ತಿರುವುದು ಎರಡೇ: ಅದಕ್ಕೆ ನಾಲ್ಕು ಚಕ್ರ, ಹಾರ್ನ್ ಮಧ್ಯದಲ್ಲಿದೆ. ಟೈ ಕಟ್ಟಿದ ಸರ್ವಿಸ್ ಅಡ್ವೈಸರ್ ಸೀದಾ ಅವರ ಹತ್ತಿರ ಹೋದ.

‘ಸರ್, ನಿಮ್ಮ ಗಾಡಿ ಪ್ರಾಬ್ಲಂ ಏನು ಸರ್?’

‘ನನ್ನದಲ್ಲಪ್ಪ, ಅವರದು.’

ನಾನು ಹತ್ತು ನಿಮಿಷ ವಿವರಿಸಿದೆ. ಅವನು ತಲೆಯಾಡಿಸುತ್ತ ಎಲ್ಲವನ್ನೂ ಟ್ಯಾಬಿನಲ್ಲಿ ಒತ್ತಿಕೊಂಡ. ಮುಗಿದ ಮೇಲೆ ಮತ್ತೆ ನಮ್ಮ ಮನೆಯವರ ಕಡೆ ತಿರುಗಿದ. ‘ಸರ್, ಆಯಿಲ್ ಟೆಂಪರೇಚರ್ ಹೈ ತೋರಿಸ್ತಿದೆ ಸರ್. ಎಂಜಿನ್ ಇಳಿಸ್ಬೇಕಾಗತ್ತೆ.’

ನಾನು ಹೇಳಿದ್ದನ್ನೇ ನನ್ನ ಗಂಡನಿಗೆ ಹೇಳುವುದಕ್ಕೆ ಟೈ ಬೇಕೆ? ಬಾನೆಟ್ ಎತ್ತಲಿಲ್ಲ. ಬೆರಳು ತಾಗಿಸಲಿಲ್ಲ. ಮೂಸಲಿಲ್ಲ. ಎಂಜಿನ್ ಇಳಿಸಬೇಕಂತೆ. ಜ್ವರ ಬಂದವನ ನಾಡಿಯನ್ನೂ ನೋಡದೆ ಹೊಟ್ಟೆ ಕೊಯ್ಯಲು ಡೇಟ್ ಕೊಟ್ಟ ಹಾಗೆ. ಬುಧವಾರ ಕಾರು ಬಿಡಿ ಎಂದ. ಆಯಿತೆಂದು ತಲೆಯಾಡಿಸಿ ಬಂದೆ. (ಆಡಿಸಿದ್ದು ನಮ್ಮ ಮನೆಯವರು. ಅವನು ಕೇಳಿದ್ದು ಅವರನ್ನೇ.)

ಮನೆಗೆ ಬರುವ ದಾರಿಯಲ್ಲಿ ಒಂದು ವಿಷಯ ಕೊರೆಯತೊಡಗಿತು. ಬೆರಳು ಅದ್ದಿ ನೋಡಿದವರನ್ನು ಬೈದು ಬಂದೆ. ಏನನ್ನೂ ಮುಟ್ಟದವನ ಮಾತು ಕೇಳಿ ಎಂಜಿನ್ ಬಿಚ್ಚಿಸಲು ಹೊರಟಿದ್ದೇನೆ. ನಾನು ಯಾವ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ?

ಮಂಗಳವಾರ ಬೆಳಿಗ್ಗೆ ನನ್ನ ಹಳೆಯ ಕಾಲೇಜಿನ ಲ್ಯಾಬಿನಿಂದ ಥರ್ಮಾಮೀಟರ್ ಕಡ ತಂದೆ. ಕಾರಿನಿಂದ ಸೆನ್ಸರನ್ನೂ ಮೀಟರನ್ನೂ ಬಿಚ್ಚಿ, ಅಡುಗೆಮನೆಯ ಕಟ್ಟೆಯ ಮೇಲೆ ಬ್ಯಾಟರಿಗೆ ಜೋಡಿಸಿದೆ. ಒಲೆಯ ಮೇಲೆ ಒಂದು ಹಳೆಯ ಪಾತ್ರೆ, ಅದರಲ್ಲಿ ನೀರು, ನೀರಿನಲ್ಲಿ ಸೆನ್ಸರ್. ಥರ್ಮಾಮೀಟರ್ ಹಿಡಿಯುವ ಕೆಲಸ ನಮ್ಮ ಮನೆಯವರಿಗೆ.

ನೀರು ಕುದಿಯಿತು. ನಮ್ಮೂರು ಸಮುದ್ರಮಟ್ಟಕ್ಕಿಂತ ಎಷ್ಟೋ ಮೇಲಿರುವುದರಿಂದ ಇಲ್ಲಿ ನೀರು ತೊಂಬತ್ತೇಳು, ತೊಂಬತ್ತೆಂಟಕ್ಕೇ ಕುದಿಯುತ್ತದೆ. ಥರ್ಮಾಮೀಟರ್ ತೊಂಬತ್ತೇಳು ಎಂದಿತು. ನನ್ನ ಕನ್ನಡ ಮೀಟರ್ ನೂರ ಐದು ಎಂದಿತು.

ನೀರು ಚೆಲ್ಲಿ ಎಂಜಿನ್ ಆಯಿಲ್ ಸುರಿದೆ.

‘ಬೋಂಡಾ ಏನಾದ್ರೂ ಉಂಟಾ?’ ಎಂದರು ನಮ್ಮ ಮನೆಯವರು.

‘ಬಾಯಿ ಮುಚ್ಚಿಕೊಂಡು ಡಿಗ್ರಿ ಹೇಳಿ.’

‘ಎಂಬತ್ತು.’ ಮೀಟರಿನಲ್ಲೂ ಎಂಬತ್ತು. ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ.

‘ನೂರು.’ ಮೀಟರಿನಲ್ಲಿ ನೂರ ಹತ್ತು.

‘ನೂರ ಹತ್ತು. ಸಾಕು ಕಣೇ, ಹೊಗೆ ಬರ್ತಿದೆ.’

ಮೀಟರಿನಲ್ಲಿ ನೂರ ಇಪ್ಪತ್ತೈದು.

ನಾನು ಒಲೆ ಆರಿಸಿ ಕುರ್ಚಿಯ ಮೇಲೆ ಕೂತೆ. ‘ನೂರಾ ಹತ್ತು ಇರ್ಬೋದು.’ ಕಾರಿನ ಕೆಳಗೆ ಗೋಣಿಚೀಲದ ಮೇಲೆ ಮಲಗಿ, ನೀರಿನ ಸದ್ದು ಕೇಳಿ ಮಾದಣ್ಣ ಹೇಳಿದ್ದು. ನಾನು ಲ್ಯಾಬಿನ ಥರ್ಮಾಮೀಟರ್, ಬ್ಯಾಟರಿ ಮತ್ತು ಒಬ್ಬ ಗಂಡನನ್ನು ಇಟ್ಟುಕೊಂಡು ಹೇಳಿದ್ದೂ ಅದನ್ನೇ.

ಆದರೆ ಕಾರಣ? ಎಂಬತ್ತಕ್ಕೆ ಸರಿಯಿದ್ದು, ಕಾದಂತೆಲ್ಲ ಹೆಚ್ಚು ತಪ್ಪುವ ಮೀಟರ್ ಎಂಥದು? ಮೀಟರನ್ನು ಕೈಯಲ್ಲಿ ಹಿಡಿದು ನೋಡಿದೆ. ೫೦, ೭೦, ೯೦, ೧೧೦, ೧೩೦, ೧೫೦. ಒಂದರಿಂದ ಒಂದಕ್ಕೆ ಒಂದೇ ಅಂತರ. ದಾರ ಹಿಡಿದು ಬರೆದ ಹಾಗೆ.

ಆಗ ಹೊಳೆಯಿತು. ಇಂಥ ಸೆನ್ಸರಿನ ಮೀಟರಿನಲ್ಲಿ ಅಂಕಿಗಳು ಸಮ ಅಂತರದಲ್ಲಿರುವುದಿಲ್ಲ. ಇರಬಾರದು. ನಡುವೆ ಅಗಲವಾಗಿ, ಎರಡೂ ತುದಿಗಳಲ್ಲಿ ಒತ್ತೊತ್ತಾಗಿ ಇರುತ್ತವೆ. ಶಾಖಕ್ಕೆ ಸೆನ್ಸರ್ ಓಗೊಡುವ ರೀತಿಯೇ ಹಾಗೆ. ಇದನ್ನು ನಾನು ಬೋರ್ಡಿನ ಮೇಲೆ ಗ್ರಾಫ್ ಬರೆದು ಪ್ರತಿವರ್ಷ ಹೇಳಿಕೊಟ್ಟಿದ್ದೇನೆ. ಫೋನಿನಲ್ಲಿ ಹಳೆಯ ಫೋಟೋ ಹುಡುಕಿದೆ. ಕಾರು ತಂದ ದಿನ ನಮ್ಮ ಮನೆಯವರು ತೆಗೆದದ್ದು. ಬಣ್ಣ ಎದ್ದ ಆ ಮುಖದ ಮೇಲೆ ಅಂಕಿಗಳು ನಡುವೆ ಕೈಕಾಲು ಚಾಚಿ, ತುದಿಗಳಲ್ಲಿ ಮುದುಡಿ ಕೂತಿದ್ದವು.

ಕಾರು ಬಿಡುವುದಿಲ್ಲವೆಂದು ವರ್ಕ್‌ಶಾಪಿಗೆ ಫೋನ್ ಮಾಡಿ (ಈ ಸಲ ನಾನೇ) ಚನ್ನಪಟ್ಟಣಕ್ಕೆ ಹೋದೆ. ಕಾರು ಬಿಚ್ಚಿಕೊಂಡು ಕೂತಿತ್ತಲ್ಲ, ಬಸ್ಸಿನಲ್ಲಿ ಹೋದೆ.

ನಿಂಗಾಚಾರ್ರು ಮರದ ಕುದುರೆಯೊಂದಕ್ಕೆ ಕಣ್ಣು ಬರೆಯುತ್ತಿದ್ದರು. ಅದು ಮುಗಿಯುವವರೆಗೆ ಮಾತಾಡುವ ಹಾಗಿಲ್ಲ. ಮುಗಿದ ಮೇಲೆ ನಾನು ಫೋಟೋವನ್ನೂ ಮೀಟರನ್ನೂ ಅಕ್ಕಪಕ್ಕ ಹಿಡಿದೆ. ಅವರ ಮುಖ ಅರಳಿತು.

‘ನೋಡಿ, ಎಷ್ಟು ವ್ಯತ್ಯಾಸ ಐತೆ. ಹಳೇದ್ರಲ್ಲಿ ಅಂಕಿ ಎಲ್ಲಾ ಮೂಲೆಗೆ ಒತ್ಕೊಂಡು ಕುಂತಿದ್ವು ಮೇಡಂ. ಯಾರೋ ಅರ್ಜೆಂಟಲ್ಲಿ ಬರ್ದವ್ರೆ ಅಂದ್ಕೊಂಡು ನಾನು ಸಮ ಮಾಡ್ದೆ.’

‘ಅದು ಹಾಗೇ ಇರಬೇಕಿತ್ತು ಆಚಾರ್ರೇ.’

‘ಅದೆಂಗಾಯ್ತದೆ? ಬೊಂಬೆಗೆ ಒಂದು ಕಣ್ಣು ಮ್ಯಾಲೆ, ಒಂದು ಕಣ್ಣು ಕೆಳಗೆ ಬರೆಯಕ್ಕಾಯ್ತದಾ?’

ಏನು ಹೇಳುವುದು? ಅವರ ಕಸುಬಿನಲ್ಲಿ ಅವರು ನೂರಕ್ಕೆ ನೂರು ಸರಿ. ಅಂದದ ಲೆಕ್ಕದಲ್ಲಿ ನನ್ನ ಮೀಟರಿಗೆ ಸಾಟಿಯಿಲ್ಲ. ಆದರೂ ನನ್ನ ಬಾಯಿ ಮತ್ತೊಮ್ಮೆ ತೆರೆಯಿತು. ‘ಒಂದು ಮಾತು ಕೇಳಬಾರದಿತ್ತೇ?’

ನಿಂಗಾಚಾರ್ರು ಕುಂಚ ಕೆಳಗಿಟ್ಟರು. ‘ಕೇಳಿದ್ನಲ್ಲ ಮೇಡಂ. ಫೋನ್ ಮಾಡಿ, ಅಂಕಿ ಸಮವಾಗಿ ಹಾಕ್ಲಾ ಅಂತ ಕೇಳ್ದೆ. ಹೂಂ, ಚೆನ್ನಾಗ್ ಕಾಣೋ ಹಂಗೆ ಹಾಕಿ ಅಂದ್ರಿ.’

ನೆನಪಾಯಿತು. ಅಂದಿದ್ದೆ. ಆಗ ಈ ಅಂಕಣವನ್ನೇ ಬರೆಯುತ್ತ ಕೂತಿದ್ದೆ. ಎರಡೇ ಸೆಕೆಂಡ್ ಮಾತಾಡಿ ಫೋನ್ ಇಟ್ಟಿದ್ದೆ.

ಹೀಗಾಗಿ, ಪ್ರಿಯ ಓದುಗರೇ, ಮುಳ್ಳು ಸುಳ್ಳು ಹೇಳಿರಲೇ ಇಲ್ಲ. ಪಾಪ, ಅದು ನಿಲ್ಲಬೇಕಾದ ಜಾಗದಲ್ಲೇ ನಿಂತಿತ್ತು. ಅದರ ಹಿಂದೆ ಸುಳ್ಳು ಬರೆಸಿ, ಚೆಂದವಾಗಿದೆ ಎಂದು ಪೇಪರಿನಲ್ಲಿ ಹಾಕಿಸಿಕೊಂಡವಳು ನಾನು. ನಮ್ಮ ಮನೆಗಳಲ್ಲಿ ಈಗ ಎಷ್ಟು ಮುಳ್ಳುಗಳಿವೆ ನೋಡಿ. ಬಿಪಿ ಮಿಷಿನ್, ಶುಗರ್ ಮಿಷಿನ್, ಮಣಿಕಟ್ಟಿನ ಮೇಲೆ ಹೆಜ್ಜೆ ಎಣಿಸುವ ವಾಚು. ಗೌರಮ್ಮನವರ ಯಜಮಾನರನ್ನು ನಾನು ಮೊನ್ನೆ ‘ನಿನ್ನೆ ರಾತ್ರಿ ನಿದ್ದೆ ಬಂತಾ?’ ಎಂದು ಕೇಳಿದರೆ ವಾಚು ನೋಡಿ ಉತ್ತರ ಹೇಳಿದರು. ನಕ್ಕಿದ್ದೆ. ಈಗ ಯಾವ ಮುಖ ಇಟ್ಟುಕೊಂಡು ನಗಲಿ? ನಾನೂ ಮೂವತ್ತು ವರ್ಷ ಮಕ್ಕಳ ತಲೆಗೆ ಅಂಕಿ ಬರೆದು ಅಂಟಿಸಿದವಳೇ ಅಲ್ಲವೆ?

ಇರಲಿ. ಪ್ರವಚನ ಸುಲಭ. ಗ್ಯಾರೇಜಿನ ಗಲ್ಲಿಗೆ ಹೋಗುವುದು ಕಷ್ಟ.

ಬುಧವಾರ ಬೆಳಿಗ್ಗೆ ಹೋದೆ. ಬೆಂಚಿನ ಮೇಲೆ ಅವತ್ತೂ ನಾಲ್ಕು ಜನ. ನಕ್ಕವರಲ್ಲಿ ಇಬ್ಬರಾದರೂ ಇದ್ದರು. ಮಾದಣ್ಣ ಒಂದು ಟೆಂಪೊದ ಎಂಜಿನ್ನಿನೊಳಗೆ ತಲೆ ಹಾಕಿದ್ದರು, ತೆಗೆಯಲಿಲ್ಲ. ನಾನು ಅವರ ಬೆನ್ನಿಗೇ ಹೇಳತೊಡಗಿದೆ. ಸೆನ್ಸರ್, ಗ್ರಾಫ್, ಸಮ ಅಂತರ, ವಕ್ರರೇಖೆ. ಚೀಲದಿಂದ ಹಾಳೆ ತೆಗೆದೆ. ನಾನು ರೀಡಿಂಗುಗಳನ್ನು ಬರೆದು, ಕೆಂಪು ನೀಲಿ ಗೆರೆ ಎಳೆದು ತಂದಿದ್ದೆ.

ಮಾದಣ್ಣ ತಲೆ ಹೊರಗೆ ತೆಗೆದರು.

‘ಪಾಠ ಬ್ಯಾಡಿ ಮೇಡಮ್ಮೋರೆ. ತಪ್ಪಾಯ್ತು ಅನ್ನಿ, ಸಾಕು.’

ಆ ಎರಡಕ್ಷರದ ಮಾತು, ಅಷ್ಟು ಜನರ ಮುಂದೆ, ಹೊರಗೆ ಬರುವುದಕ್ಕೆ ಎಷ್ಟು ಒದ್ದಾಡಿತೆಂದರೆ! ಕಾರಣ ಹೇಳಿಕೊಂಡು ಬಂದಿದ್ದೆ. ಪುರಾವೆ ಹೊತ್ತುಕೊಂಡು ಬಂದಿದ್ದೆ. ಆ ಮಾತನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಂದಿದ್ದೆ. (ಎರಡಕ್ಷರವಲ್ಲ, ಮೂರು ಅಕ್ಷರ. ನೋಡಿ, ಈಗಲೂ ಅಳತೆ ತಪ್ಪುತ್ತಿದೆ.)

‘ತಪ್ಪಾಯ್ತು ಮಾದಣ್ಣ’ ಎಂದೆ. ಬೆಂಚಿನವರಿಗೂ ಕೇಳಿಸುವ ಹಾಗೆ.

ಅವರು ತಲೆಯಾಡಿಸಿ ಮತ್ತೆ ಟೆಂಪೊದೊಳಗೆ ಹೋದರು. ಒಳಗಿಂದಲೇ ದನಿ ಬಂತು. ‘ಭಾನುವಾರ ಎಷ್ಟೊತ್ಗೆ ಬತ್ತೀರಿ?’

‘ಅಕ್ಕನಿಗೆ ಬರಲ್ಲ ಅಂತ ಹೇಳಿಬಿಟ್ಟಿರಲ್ಲ?’

‘ಎಲ್ಲಿ ಹೇಳಾನ? ಫೋನು ಕೈಗೆ ತಗೊಳ್ಳೋದು, ಮಡಗೋದು. ಬಾಯೇ ಬರ್ನಿಲ್ಲ.’

ಮೀಟರಿನ ಮುಖವನ್ನು ಹಳೆಯ ಫೋಟೋದಂತೆ ಬರೆದುಕೊಡಲು ನಿಂಗಾಚಾರ್ರು ಒಪ್ಪಿದ್ದಾರೆ. ‘ಚೆನ್ನಾಗ್ ಕಾಣಾಕಿಲ್ಲ, ನನ್ನ ಹೆಸರು ಹೇಳ್ಬೇಡಿ’ ಎಂಬ ಷರತ್ತಿನ ಮೇಲೆ. ಆದರೆ ಅದಕ್ಕೆ ಹದಿನೈದು ದಿನ ಬೇಕು. ಹಾಗಾಗಿ ಭಾನುವಾರ ಅದೇ ಸುಂದರ ಸುಳ್ಳನ್ನು ಮತ್ತೆ ಕಾರಿಗೆ ಜೋಡಿಸಿ, ಪಕ್ಕದಲ್ಲಿ ನನ್ನ ತಿದ್ದುಪಡಿ ಪಟ್ಟಿಯನ್ನು ಅಂಟಿಸಿಕೊಂಡು ಹೊರಟೆ. ಪಕ್ಕದ ಸೀಟಿನಲ್ಲಿ ಇಸ್ತ್ರಿ ಷರಟಿನ ಮಾದಣ್ಣ. ಕನಕಪುರ ದಾಟಿ ಏರು ಸಿಕ್ಕಿತು. ಮುಳ್ಳು ನೂರ ಹತ್ತು ದಾಟಿತು, ನೂರ ಇಪ್ಪತ್ತಕ್ಕೆ ಬಂತು. ಎಲ್ಲ ಗೊತ್ತಿದ್ದೂ ನನ್ನ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೆ ಬಂತು. ಒಂದು ಕಣ್ಣು ಮುಳ್ಳಿನ ಮೇಲೆ, ಒಂದು ಕಣ್ಣು ಪಟ್ಟಿಯ ಮೇಲೆ.

ಮಾದಣ್ಣ ಹೆಗಲ ಮೇಲಿದ್ದ ಟವಲನ್ನು ತೆಗೆದು ಮೀಟರಿನ ಮೇಲೆ ಮುಸುಕು ಹಾಕಿದರು.

‘ರೋಡ್ ನೋಡ್ಕೊಂಡು ಓಡ್ಸಿ ಮೇಡಮ್ಮೋರೆ.’

ಉಯ್ಯಂಬಳ್ಳಿಯಲ್ಲಿ ಸಣ್ಣಮ್ಮ ಮನೆಯ ಮುಂದೆ ಕಾಯುತ್ತಿದ್ದರು. ರೇಷ್ಮೆ ಸೀರೆ, ತಲೆ ತುಂಬ ಹೂವು. ನಮಸ್ಕಾರ ಹೇಳುವ ಮೊದಲು ಅವರು ಮಾಡಿದ್ದು ಒಂದೇ ಕೆಲಸ. ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬಿಸಿನೀರಿನಲ್ಲಿ ಬೆಂದು ಬೆಂದು ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋದ ಕೈ ಅದು. ಸ್ವಲ್ಪ ಹೊತ್ತು ಇಟ್ಟಿದ್ದು ತೆಗೆದರು.

‘ಹದವಾಗೈತೆ ಕಣ್ಲಾ’ ಎಂದರು ತಮ್ಮನಿಗೆ.

ಹದ. ಅದಕ್ಕೆ ಎಷ್ಟು ಡಿಗ್ರಿ ಎಂದು ಕೇಳಬೇಕೆನ್ನಿಸಿತು. ನಾಲಿಗೆ ಕಚ್ಚಿಕೊಂಡೆ. ಮಾದಣ್ಣನ ಕೈ ಯಾರ ಹತ್ತಿರ ಕಲಿತದ್ದು ಎಂಬುದು ನನಗೆ ಆಗ ಕಾಣಿಸಿತು. ನಾನು ಬೆಂಚಿನವರ ಮುಂದೆ ದೋಸೆ ಹೆಂಚಿನ ಮಾತಾಡಿ ಹಂಗಿಸಿದ್ದು ಈ ಕೈಯನ್ನು ಎಂದು ನೆನೆದು ನಿಜಕ್ಕೂ ನಾಚಿಕೆಯಾಯಿತು.

ಇರುವುದು ಎರಡೇ ಸೀಟು. ಕೀಲಿಯನ್ನು ಮಾದಣ್ಣನ ಕೈಗೆ ಕೊಟ್ಟೆ. ಅಕ್ಕ ಸೆರಗು ಬಿಗಿದುಕೊಂಡು ಒಳಗಿಳಿದರು. ಕಾರು ಗುಡುಗುತ್ತ ಊರ ಬೀದಿಗೆ ತಿರುಗಿತು. ಮನೆಮನೆಯಿಂದ ಜನ ಹೊರಗೆ ಬಂದರು. ಜಗಲಿಯ ಮೇಲೆ ಉಳಿದ ನನಗೆ ಯಾರೋ ಮಜ್ಜಿಗೆ ತಂದುಕೊಟ್ಟು ವಿಚಾರಿಸಿದರು. ‘ಸಾರ್ ಬರ್ನಿಲ್ವಾ ಮೇಡಂ?’

ಒಂದು ರೌಂಡು ಎಂದಿದ್ದವರು ನಾಲ್ಕು ರೌಂಡು ಹೊಡೆದರು. ಐದನೆಯದಕ್ಕೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಸಣ್ಣಮ್ಮನ ಮುಡಿಯಲ್ಲಿ ಒಂದು ಹೂವೂ ಉಳಿದಿರಲಿಲ್ಲ, ಎಲ್ಲ ಗಾಳಿಗೆ ಹೋಗಿತ್ತು. ಅವರು ನಗುತ್ತಿದ್ದರು. ಟವಲು ಸೀಟಿನ ಕೆಳಗೆ ಬಿದ್ದಿತ್ತು. ನನಗೆ ತಡೆಯಲಾಗಲಿಲ್ಲ.

‘ಮುಳ್ಳು ಎಷ್ಟಕ್ಕೆ ಹೋಗಿತ್ತು ಮಾದಣ್ಣ?’

‘ಅದ್ಯಾರ್ ನೋಡುದ್ರು ಮೇಡಮ್ಮೋರೆ? ನಾನು ದಾರಿ ಉದ್ದಕ್ಕೂ ಅಕ್ಕನ ಮಖ ನೋಡ್ತಿದ್ದೆ.’

ಎಲ್ಲ ಸರಿ ಮಾದಣ್ಣ, ರೋಡ್ ನೋಡುತ್ತಿದ್ದವರು ಯಾರು?